ಬೇರೆಯವರ ಬ್ರೆಡ್ಡು

ಮನೆಯೊಳಗೇ ಬೇಹುಗಾರರಿದ್ದಾರೆ ಎಂದು ಡ್ರೈವಿಂಗ್ ಮೇಡಂಗೆ ಖಾತ್ರಿಯಾದದ್ದು ಎಳ್ಳಿನಿಂದ.

ಬೆಳಿಗ್ಗೆ ಡಬ್ಬಿ ಜಾರಿ ಹಿಟ್ಟಿನೊಳಗೆ ಎಳ್ಳು ಸುರಿದಿತ್ತು. ಆರಿಸಿ ತೆಗೆಯುವ ತಾಳ್ಮೆಯಿಲ್ಲದೆ ಹಾಗೇ ನಾದಿ ಒವನ್‌ಗೆ ತಳ್ಳಿದ್ದಳು. ಸಂಜೆ ಫೋನ್ ತೆರೆದರೆ, ಊರಿನಲ್ಲಿ ಬ್ರೆಡ್ ಮಾರುವ ಇನ್ನೊಂದು ಪುಟ ‘ಹೊಂಬಣ್ಣ’ದಲ್ಲಿ ಘೋಷಣೆ: ‘ಇಂದಿನ ವಿಶೇಷ, ಎಳ್ಳಿನ ಬ್ರೆಡ್.’ ಇಲ್ಲಿಯ ಕೈತಪ್ಪು ಅಲ್ಲಿ ವಿಶೇಷ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು: ‘ಎಲ್ಲಾ ಖಾಲಿ, ಕ್ಷಮಿಸಿ.’

ಎಳ್ಳು ಚೆಲ್ಲಿದ್ದನ್ನು ಕಂಡವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬರು, ಬಾಲ್ಕನಿಯ ಬಿಸಿಲಿನಲ್ಲಿ ಫೋನ್ ಹಿಡಿದು ಕೂತಿದ್ದ ಅತ್ತೆ.

ರೋಗ ಹಬ್ಬಿ ಬೀದಿಗಳಿಗೆ ಬೀಗ ಬಿದ್ದ ಮೇಲೆ ಅವಳ ಡ್ರೈವಿಂಗ್ ಸ್ಕೂಲ್ ಮುಚ್ಚಿತ್ತು. ಎರಡೂ ಕಡೆ ಬ್ರೇಕ್ ಇದ್ದ ಕಾರು ಮನೆಯೆದುರು ಧೂಳು ತಿನ್ನುತ್ತಿತ್ತು. ಗಂಡ ಹಡಗಿನ ಮೆಕ್ಯಾನಿಕ್. ಯಾವುದೋ ಬಂದರಿನಾಚೆ ಸಿಕ್ಕಿಹಾಕಿಕೊಂಡಿದ್ದ; ಅವನ ಕಂಪನಿ ಸಂಬಳದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮೂಲೆಗೆ ಬಿದ್ದಿದ್ದ ಒವನ್ ಒರೆಸಿ ಮೇಡಂ ಬ್ರೆಡ್ ಮಾಡಲು ನಿಂತಳು. ಮಾರಲು ಒಂದು ಪುಟ ತೆರೆದಳು. ಮೊದಲ ಬ್ರೆಡ್ಡಿನ ಆಕಾರ ನೋಡಿ ಪುಟದ ಹೆಸರನ್ನೂ ಪ್ರಾಮಾಣಿಕವಾಗಿಯೇ ಇಟ್ಟಳು: ‘ರೋಡ್ ಹಂಪ್’.

‘ಇಂದಿನ ಬ್ರೆಡ್ ಕತ್ತರಿಸಲು ಚಾಕು ಸಾಲದು, ಲೈಸೆನ್ಸ್ ಬೇಕು’ ಎಂದು ಬರೆದಳು. ‘ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿದೆಯೇ? ನಮ್ಮ ಬ್ರೆಡ್ ಆನಿಸಿಡಿ’ ಎಂದು ಬರೆದಳು. ಮನೆಯಲ್ಲಿ ಕೊಳೆಯುತ್ತಿದ್ದ ಜನ ಬಿದ್ದು ಬಿದ್ದು ನಕ್ಕರು. ಲೈಕುಗಳ ಮಳೆ. ನಿಮ್ಮ ಬರಹ ಓದದೆ ನಮಗೆ ಬೆಳಗೇ ಆಗುವುದಿಲ್ಲ ಎಂದವರು ಎಷ್ಟೋ ಮಂದಿ. ಒಂದು ಬ್ರೆಡ್ ಕಳಿಸಿ ಎಂದವರು ಒಬ್ಬರೂ ಇಲ್ಲ. ಮೇಡಂಗೆ ಬೇಸರವಾಗಲಿಲ್ಲ, ಅಥವಾ ಆಗಲಿಲ್ಲ ಎಂದುಕೊಂಡಳು. ತನ್ನನ್ನು ತಾನೇ ಆಡಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ: ಊರವರಿಗೆ ಆ ಕೆಲಸ ಉಳಿಯುವುದಿಲ್ಲ.

ಮೊದಲ ವಾರದ ಸೀದ ಬ್ರೆಡ್ ಅವಳ ದವಡೆ ಹಲ್ಲೊಂದನ್ನು ಅಲ್ಲಾಡಿಸಿತ್ತು. ಆಮೇಲೆ ತಾನು ಮಾಡಿದ್ದನ್ನು ತಾನು ಬಾಯಿಗಿಟ್ಟವಳಲ್ಲ. ಉಳಿದದ್ದರ, ಎಂದರೆ ಎಲ್ಲದರ, ವಿಲೇವಾರಿಯನ್ನು ಅತ್ತೆ ವಹಿಸಿಕೊಂಡಿದ್ದರು. ದಿನಾ ಬಾಲ್ಕನಿಗೆ ಒಯ್ದು, ಅಚ್ಚುಕಟ್ಟಾಗಿ ಹೋಳು ಮಾಡಿ, ಕಾಗದ ಸುತ್ತಿ, ಬುಟ್ಟಿಗೆ ಹಗ್ಗ ಕಟ್ಟಿ ಕೆಳಗಿಳಿಸುವರು. ಹಾಲಿನವನು ತೆಗೆದುಕೊಂಡು ಹೋಗುವನು. ಬೀದಿನಾಯಿಗಳಿಗೆ, ಎಂದಿದ್ದರು ಅತ್ತೆ.

“ಬಾಯಿಗೆ ರುಚಿ ಹತ್ತಿಬಿಟ್ಟಿದೆ ಮೇಡಂ,” ಎಂದು ಹಾಲಿನವನು ಒಮ್ಮೆ ಕೆಳಗಿನಿಂದ ಹೇಳಿದ್ದ. “ನಾಳೆ ಇನ್ನೂ ಸ್ವಲ್ಪ ಜಾಸ್ತಿ ಮಾಡಿ.”

ನಾಯಿಗಳಾದರೂ ಮೆಚ್ಚಿದವಲ್ಲ ಎಂದು ಮೇಡಂ ಅದನ್ನೂ ಪುಟದಲ್ಲಿ ಹಾಕಿದಳು. ಲೈಕುಗಳಿಗೆ ಬರವಿರಲಿಲ್ಲ.

ಮನೆ ಹೇಗೋ ನಡೆಯುತ್ತಿತ್ತು. ಮೈದಾ ಮುಗಿಯುವ ಮೊದಲೇ ಹೊಸ ಮೂಟೆ ಬರುತ್ತಿತ್ತು. ಪಿಂಚಣಿ ಹೆಚ್ಚು ಮಾಡಿದ್ದಾರೆ ಎಂದಿದ್ದರು ಅತ್ತೆ. ಅತ್ತೆಯ ಅನ್ನ ತಿಂದು ಅತ್ತೆಯನ್ನೇ ಅನುಮಾನಿಸುವುದು ಮೇಡಂಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಆದರೂ ಎಳ್ಳು ಎಳ್ಳೇ.

ಹೊಂಬಣ್ಣದ ಪುಟದಲ್ಲಿ ಹಾಸ್ಯವಿಲ್ಲ, ಹರಟೆಯಿಲ್ಲ. ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ ಹೊಳೆಯುವ ಹೋಳುಗಳು. ಕೆಳಗೆ ‘ಕೈಯಾರೆ ನಾದಿದ್ದು. ಕಡಿಮೆ ಇದೆ, ಬೇಗ ಹೇಳಿ.’ ಅಷ್ಟೇ. ಏನಿದೆ ಅದರಲ್ಲಿ ಎಂದು ನೋಡಿಯೇ ಬಿಡಬೇಕೆಂದು ಹಿಂದಿನ ಬೀದಿಯ ನರ್ಸ್‌ಗೆ ಫೋನ್ ಮಾಡಿದಳು. ನರ್ಸ್ ಅವಳ ಹಳೆಯ ಶಿಷ್ಯೆ; ರಿವರ್ಸ್ ಕಲಿಯುವಾಗ ಹಾಲಿನ ಬೂತಿಗೆ ಗುದ್ದಿದವಳು. ತನ್ನ ಹೆಸರಿನಲ್ಲಿ ತರಿಸಿ, ಮರುದಿನ ಡ್ಯೂಟಿಗೆ ಹೋಗುವಾಗ ಬುಟ್ಟಿಯಲ್ಲಿಟ್ಟು ಹೋದಳು.

ಮೇಡಂ ಹಗ್ಗ ಎಳೆಯುವಾಗ ಅತ್ತೆ ಪಕ್ಕದಲ್ಲೇ ಇದ್ದರು.

“ಅದೇನು?”

“ಹೊಂಬಣ್ಣದ ಬ್ರೆಡ್ಡು, ಅತ್ತೆ.”

“ದುಡ್ಡು ಕೊಟ್ಟು ತಗೊಂಡ್ಯಾ?” ಅತ್ತೆಗೆ ಯಾಕೋ ಕೆಮ್ಮು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕಳ್ಳರಿಗೆ ಕೆಮ್ಮು ಬರುವುದು ಸಹಜ ಎಂದುಕೊಂಡು ಮೇಡಂ ಅಡುಗೆಮನೆಗೆ ಹೋಗಿ ಒಂದು ಹೋಳು ಮುರಿದಳು. ಹೊರಗೆ ಗರಿಗರಿ, ಒಳಗೆ ಹತ್ತಿ. ಬಾಯಿಗಿಟ್ಟಳು. ತಪ್ಪು ಹುಡುಕಲು ಇನ್ನೊಂದು ತಿಂದಳು. ಮೂರನೆಯದಕ್ಕೆ ಕಣ್ಣು ಹನಿಗೂಡಿತು. ಎಳ್ಳು ಕದ್ದರೆ ಇದು ಬರುವುದಿಲ್ಲ. ಇದಕ್ಕೆ ಕೈಗುಣ ಬೇಕು, ಅದು ತನಗಿಲ್ಲ. ಇಷ್ಟು ದಿನ ತಮಾಷೆಗೆಂದು ಬರೆದದ್ದೆಲ್ಲ ನಿಜವೇ ಇರಬೇಕು ಎನ್ನಿಸಿ, ಮೊದಲ ಸಲ ತನ್ನ ಜೋಕಿಗೆ ತನಗೇ ನಗು ಬರಲಿಲ್ಲ.

ಒವನ್ನಿನ ಪ್ಲಗ್ ಕಿತ್ತಳು. ನೆಲದ ಮೇಲೆ ಕೂತು, ರೋಡ್ ಹಂಪ್‌ನ ಹೆಸರಿನಿಂದಲೇ ಹೊಂಬಣ್ಣಕ್ಕೆ ಸಂದೇಶ ಬರೆದಳು. ನಾನು ಸೋತೆ, ನಿಮ್ಮ ಬ್ರೆಡ್ ತಿಂದೆ, ಇಂಥದ್ದನ್ನು ಈ ಜನ್ಮದಲ್ಲಿ ಮಾಡಲಾರೆ. ಕೆಲಸಕ್ಕೆ ಸೇರಿಸಿಕೊಳ್ಳಿ, ಪಾತ್ರೆ ತೊಳೆದಾದರೂ ಕಲಿಯುತ್ತೇನೆ. ಒಂದೇ ಒಂದು ತಮಾಷೆಯಿಲ್ಲದ ಬರಹ.

ಉತ್ತರ ಬರಲು ತಡವಾಯಿತು. ಯಾರೋ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಂತಿತ್ತು.

‘ಪಾತ್ರೆ ಯಾಕೆ ತೊಳೀತೀಯೇ, ದಿನಾ ಹಿಟ್ಟು ನಾದೋಳು ನೀನೇ ಅಲ್ವಾ? ನಿನ್ನನ್ನ ನೀನು ಹೊಗಳಿಕೊಳ್ಳೋಕೆ ಬರಲ್ಲ ಅಂತ ಅದೊಂದು ಕೆಲಸ ಮಾತ್ರ ನಿನ್ನ ಅತ್ತೆ ಇಟ್ಟುಕೊಂಡಿದ್ದು.’