ಮಣಿಕಟ್ಟಿನ ನೀಲಿ

ಎಚ್‌ಐವಿಯನ್ನು ಕೊಲ್ಲುವ, ಕಾಳಿನಷ್ಟೇ ಗಾತ್ರದ ಯಂತ್ರ ಮಣಿಕಟ್ಟಿನ ಚರ್ಮದಡಿ ಸೇರಿದ ಮೇಲೆ ನರ್ಸುಗಳಿಗೆ ಸೂಜಿಯ ಭಯ ಹೋಗಿತ್ತು. ಬಳಸಿದ ಸೂಜಿಗೆ ಕೈಯಿಂದಲೇ ಮುಚ್ಚಳ ಹಾಕುವ ಹಳೆಯ ಚಾಳಿ ಮರಳಿತ್ತು. ಕೊಟ್ರೇಶನ ರಕ್ತ ತೆಗೆದು ಮುಚ್ಚಳ ಹಾಕುವಾಗ ವಿಲ್ಮಾ ಸಿಸ್ಟರ್ ಬೆರಳಿಗೆ ಸೂಜಿ ಚುಚ್ಚಿತು. ಅವಳ ಮಣಿಕಟ್ಟಿನ ಕಾಳು ನೀಲಿಯಾಗಿ ಹೊತ್ತಿಕೊಂಡಿತು.

ಅವಳಿಗೇನೂ ಆಗುವುದಿಲ್ಲ. ಆದರೆ ನೀಲಿ ಬೆಳಕೆಂದರೆ ಚುಚ್ಚಿದ ಸೂಜಿಯ ರಕ್ತದಲ್ಲಿ ಎಚ್‌ಐವಿ ಇದೆಯೆಂದು ಊರಿಗೆಲ್ಲ ಗೊತ್ತು. ಮಗ ಕೊಟ್ರೇಶನಿಗೆ ಬರೀ ಜ್ವರವೆಂದು ನಂಬಿದ್ದ ಗುರುಸಿದ್ದಮ್ಮ ರಕ್ತ ನೋಡಲಾರದೆ ಮುಖ ತಿರುಗಿಸಿದ್ದಳು; ಈಗ ಇತ್ತ ನೋಡಿದಳು. ವಿಲ್ಮಾ ಅಂಗಿಯ ತೋಳನ್ನು ಕೆಳಗೆಳೆದಳು. ಬಟ್ಟೆಯೊಳಗಿಂದಲೂ ಬೆಳಕು ಕಂಡಿತು.

“ಯಾರ್ದು ಸಿಸ್ಟರ್ ಅದು?”

“ಬೆಳಿಗ್ಗೆ ಬೇರೆ ವಾರ್ಡಲ್ಲಿ ಒಬ್ಬ ಹುಡುಗನ ಸೂಜಿ ಚುಚ್ಚಿಸಿಕೊಂಡೆ ಅಮ್ಮ. ಇನ್ನೂ ಆರಿಲ್ಲ ನೋಡಿ.” ತನ್ನ ದನಿ ತನಗೇ ಸುಳ್ಳೆಂದು ಕೇಳಿಸಿತು. ಕೊಟ್ರೇಶ ನೆಲ ನೋಡುತ್ತಿದ್ದ.

ಗುರುಸಿದ್ದಮ್ಮ ನಿಟ್ಟುಸಿರಿಟ್ಟಳು. “ಯಾವ ತಾಯಿ ಹೆತ್ತ ಮಗನೋ, ಪಾಪ. ಹೆದರ್ಕೊಂಡು ಒಬ್ನೇ ಮಲಗಿರ್ತಾನೆ. ಅವರವ್ವಗೆ ಗೊತ್ತೈತೇನ್ರೀ?”

ವಿಲ್ಮಾ ಸೂಜಿಯನ್ನು ಡಬ್ಬಿಗೆ ಹಾಕಿದಳು. ಕೊಟ್ರೇಶ ತಲೆಯೆತ್ತಿದ.

“ಇಲ್ಲವ್ವ,” ಎಂದ. “ಈಗ ಹೇಳ್ತಾ ಇದೀನಿ.”