ನಲವತ್ತು ವರ್ಷದ ಧೂಳು

ಷೆಡ್ಡಿನಲ್ಲಿದ್ದ ಹಳೆಯ ಇಟಾಲಿಯನ್ ಸ್ಪೋರ್ಟ್ಸ್ ಕಾರಿಗೆ ಹರಾಜು ಕಂಪನಿಯ ತಜ್ಞ ಮೂರು ಪ್ರದಕ್ಷಿಣೆ ಹಾಕಿದ.

“ಕಾರಿಗೆ ಎರಡು ಕೋಟಿ ಬರುತ್ತೆ. ನಲವತ್ತು ವರ್ಷ ಯಾರೂ ಮುಟ್ಟದ ಈ ಧೂಳಿಗೆ ಇನ್ನೊಂದು ಕೋಟಿ; ಹಳೇ ಕಾರು ಕೊಳ್ಳುವ ಶೋಕಿದಾರರಿಗೆ ಇದೇ ಅಸಲಿತನದ ಗುರುತು. ಹರಾಜಿನವರೆಗೂ ಉಸಿರು ಸಹ ತಾಕಬಾರದು!”

ವರ್ಷಗಟ್ಟಲೆ ಆ ಕಡೆ ಸುಳಿಯದಿದ್ದ ಯಜಮಾನರು ಅಂದಿನಿಂದ ಷೆಡ್ಡಿನ ಹತ್ತಿರ ಸೀನಲೂ ಹೆದರಿದರು.

ಹರಾಜಿನ ಹಿಂದಿನ ದಿನ ಆಯುಧಪೂಜೆ. ಬಾಗಿಲು ತೆರೆದರೆ ಕಾರು ಫಳಫಳ ಹೊಳೆಯುತ್ತಿತ್ತು. ಬಾನೆಟ್ಟಿಗೆ ಕುಂಕುಮ, ಚಕ್ರಗಳಡಿ ನಿಂಬೆಹಣ್ಣು. ಪಕ್ಕದಲ್ಲಿ ಹಳೆಯ ಡ್ರೈವರ್ ಮಾದಪ್ಪ ಕೈಮುಗಿದು ನಿಂತಿದ್ದ.

“ಅಯ್ಯೋ ಮಾದಪ್ಪಾ, ಒಂದು ಕೋಟಿ ತೊಳೆದುಬಿಟ್ಟೆಯಲ್ಲೋ! ನಲವತ್ತು ವರ್ಷದ ಧೂಳು ಕಣೋ ಅದು!”

“ಯಾವ ನಲವತ್ತು ಬುದ್ಧೀ? ಪ್ರತಿ ಆಯುಧಪೂಜೆಗೂ ತೊಳೀತೀನಲ್ಲ! ಹರಾಜು ಮುಂದಿನ ವರ್ಷಕ್ಕೆ ಹಾಕ್ಸಿ, ಅಷ್ಟೊತ್ತಿಗೆ ಇನ್ನೊಂದು ನಲವತ್ತು ವರ್ಷದ ಧೂಳು ಕೂತಿರ್ತದೆ.”