ನೀರು ಕುಡಿದ ಮೇಲೆ

"ನಾನು ಸಿನಿಮಾ ಮಾಡಿದ್ರೆ ಸಾಕಾ ಸರ್, ಅದೇ ಪ್ರಬಂಧ ಆಗುತ್ತಾ? ಇಲ್ಲಾ ಮುನ್ನೂರು ಪುಟ ಬೇರೆ ಬರೀಬೇಕಾ?" ಸೆರ್ವಾ ಮೂರನೇ ಸಲ ಕೇಳಿದಳು.

ಲ್ಯಾಪ್‌ಟಾಪಿನ ಪರದೆಯಲ್ಲಿದ್ದ ಪ್ರೊಫೆಸರ್ ಮಖುಬೇಲ ಮೂರನೇ ಸಲವೂ ನವಮಾಧ್ಯಮದ ದಿಗಂತಗಳ ಬಗ್ಗೆಯೇ ಮಾತಾಡಿದರು. ಕರೆ ಮಾಡಿದ್ದು ಅವರೇ, ಜೋಹಾನ್ಸ್‌ಬರ್ಗಿನಿಂದ. ವಿಡಿಯೊ ಕಲೆಯಲ್ಲಿ ಎಂ.ಎಫ್.ಎ. ಮುಗಿಸಿದ್ದ ಸೆರ್ವಾಗೆ ಪಿಎಚ್.ಡಿ. ಸೀಟು ಎರಡು ಕಡೆ ಸಿಕ್ಕಿತ್ತು. ಒಂದು ಇಲ್ಲೇ ಕುಮಾಸಿಯಲ್ಲಿ. ಅಲ್ಲಿ ಕ್ಯಾಮೆರಾ ಮುಟ್ಟುವ ಹಾಗಿಲ್ಲ, ಬರೀ ಬರೆಯಬೇಕು; ಬರೆಯುವುದೆಂದರೆ ಅವಳಿಗೆ ಕೈಕಾಲು ಕಟ್ಟಿಹಾಕಿದಂತೆ. ಇನ್ನೊಂದು ಇವರದು. ಏನು ಮಾಡಬೇಕೆಂದೇ ಇವರು ಬಾಯಿಬಿಡುತ್ತಿಲ್ಲ. ಶನಿವಾರದೊಳಗೆ ಎರಡರಲ್ಲೊಂದಕ್ಕೆ ಹೂಂ ಅನ್ನಬೇಕು.

ಅಷ್ಟರಲ್ಲಿ ಅಜ್ಜಿ ಡುಫಿ ಒಳಬಂದಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಹೆಂಗಸು. ಅವಳ ಪಾಲಿಗೆ ಪರದೆಯಲ್ಲಿ ಮುಖ ತೋರಿಸಿದವನೂ ಮನೆಗೆ ಬಂದವನೇ.

"ಬಂದವರಿಗೆ ನೀರು ಕೊಡದೆ ಹರಟೆ ಹೊಡೀತಿದ್ದೀಯಲ್ಲೇ, ನಾಚಿಕೆ ಆಗಲ್ವಾ?" ಎಂದು ಲೋಟವೊಂದನ್ನು ತಂದು ಲ್ಯಾಪ್‌ಟಾಪಿನ ಮುಂದಿಟ್ಟಳು.

"ಅಜ್ಜೀ, ಅವರು ಹೇಗೆ ಕುಡೀತಾರೆ?"

"ಅದು ಅವರ ಪಾಡು."

ಪ್ರೊಫೆಸರ್ ತಬ್ಬಿಬ್ಬಾಗಿ ತಮ್ಮ ಬಾಟಲಿಯಿಂದಲೇ ಒಂದು ಗುಟುಕು ಕುಡಿದರು. ಅಜ್ಜಿ ಕುರ್ಚಿ ಎಳೆದುಕೊಂಡು, ಆ ಊರಿನ ಹಿರಿಯರು ನೀರು ಕೊಟ್ಟಾದ ಮೇಲೆ ಕೇಳುವುದನ್ನೇ ಕೇಳಿದಳು. "ಇಲ್ಲಿ ಎಲ್ಲ ತಂಪಾಗಿದೆ. ದಾರಿ ಸವೆಸಿ ಬಂದವರು ನೀವು. ಬಂದ ಕಾರಣ ಹೇಳಿ."

ಆಮೇಲೆ ಸುತ್ತಿಬಳಸುವಂತಿಲ್ಲ. ಪ್ರೊಫೆಸರಿಗೂ ಅದು ಹೇಗೋ ಅರ್ಥವಾಯಿತು. ಕನ್ನಡಕ ತೆಗೆದರು.

"ಎರಡು ವರ್ಷದಿಂದ ನಮ್ಮ ವಿಭಾಗಕ್ಕೆ ಒಂದು ನರಪಿಳ್ಳೆಯೂ ಸೇರಿಲ್ಲ ತಾಯಿ. ಈ ಸಲವೂ ಯಾರೂ ಬರದಿದ್ರೆ ಬಾಗಿಲು ಹಾಕ್ತಾರೆ. ಸಿನಿಮಾನೇ ಪ್ರಬಂಧ ಅಂತ ಜಾಹೀರಾತಲ್ಲಿ ಹಾಕ್ಬಿಟ್ಟಿದ್ದೀವಿ. ಡೀನ್ ಇನ್ನೂ ಒಪ್ಪಿಲ್ಲ."

"ಅಯ್ಯೋ ನಿಮ್ಮ! ಹೆಣ್ಣು ಕೇಳೋಕೆ ಬಂದಿರೋರು ನೀವು, ಬೆವರ್ತಾ ಕೂತಿರೋಳು ನಮ್ಮ ಹುಡುಗಿ!" ಅಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. "ಹೆಣ್ಣು ಕೇಳೋಕೆ ಯಾರಾದ್ರೂ ಒಬ್ಬೊಬ್ಬರೇ ಬರ್ತಾರಾ? ಹಿರಿಯರನ್ನ ಕರ್ಕೊಂಡು ಬನ್ನಿ. ಬಂದು ಬಾಗಿಲು ತಟ್ಟಿ. ಇಲ್ಲಿ ಪದ್ಧತಿ ಅದೇ."

ಸೆರ್ವಾಗೆ ಮೇಜಿನ ಕೆಳಗೆ ತೂರಿಕೊಳ್ಳೋಣ ಅನ್ನಿಸಿತು. ಆದರೆ ತೂರಿಕೊಳ್ಳಲಿಲ್ಲ. "ಡೀನ್ ಬಾಯಿಂದಲೇ ಕೇಳ್ಬೇಕು ಸರ್," ಅಂದಳು.

ಶುಕ್ರವಾರ ಪರದೆಯಲ್ಲಿ ಇಬ್ಬರಿದ್ದರು. ಪ್ರೊಫೆಸರ್ ಮೊಣಕೈಯಿಂದ ತಿವಿದ ಮೇಲೆ, ಟೈ ಕಟ್ಟಿದ್ದ ಡೀನ್ ಕೆಮ್ಮಿ, ಬೆರಳ ಗೆಣ್ಣಿನಿಂದ ತಮ್ಮ ಮೇಜನ್ನು ತಟ್ಟಿದರು. ಟಕ್, ಟಕ್.

"ನಿಮ್ಮ ಹುಡುಗಿ ಸಿನಿಮಾ ಮಾಡಿದ್ರೆ ಸಾಕು," ಅಂದರು. "ಜೊತೆಗೆ ಸುಮ್ನೆ ಶಾಸ್ತ್ರಕ್ಕೆ, ಒಂದು ನೂರು ಪುಟ..."

ಸೆರ್ವಾ ಮೈಕ್ ಆರಿಸಿ ಅಜ್ಜಿಯ ಕಡೆ ಬಾಗಿ ಪಿಸುಗುಟ್ಟಿದಳು.

"ಇನ್ನೊಂದ್ಸಲ ತಟ್ಟಲಿ."